ಕುದ್ರಿನ ಗದ್ದೆ ಟೀಚರ್

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಸಂಗ ಬಿಟ್ಟು ಒಂದಂಗುಲ ದೂರ ನಿಂತಿತ್ತು. ಆ ಸಂದಿಯಲ್ಲಿ ಯಾವಾಗ ನೋಡಿದರೂ ಕೆಸರು. ಕಾಲು ತಿಕ್ಕಿ ತೊಳೆದು, ಒಳ್ಳೆಯ ಸೀರೆ ಉಟ್ಟು, ಮದುವೆ ಊಟಕ್ಕೆಂದು ದೋಣಿ ಹತ್ತಿದಾಗಲೂ ಅಲ್ಲೊಂದು ಬೂದು ಗೆರೆ ಉಳಿದೇ ಇರುತ್ತಿತ್ತು. ಜಾರುವ ಗದ್ದೆಯಂಚಿನ ಮೇಲೆ ನಲವತ್ತು ಮಳೆಗಾಲ ಬರಿಗಾಲಲ್ಲಿ ನಡೆದವರ ಕಾಲು ಹಾಗಾಗುತ್ತದೆ, ಬೆರಳು ನೆಲವನ್ನು ಹಿಡಿದುಕೊಳ್ಳಲು ಕಲಿಯುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಚಪ್ಪಲಿ ಕಾಲಿನ ನಾವು ಅದೇ ಅಂಚಿನ ಮೇಲೆ ದಿನಕ್ಕೆರಡು ಸಲ ಬೀಳುತ್ತಿದ್ದೆವು. ಬಿದ್ದವರನ್ನು ಅವರು ಕೈಕೊಟ್ಟು ಎಬ್ಬಿಸಿದ್ದನ್ನು ನಾನು ನೋಡಿಲ್ಲ. “ಬಿದ್ರ್ಯಾ? ಒಳ್ಳೆದಾಯ್ತ್. ಈಗ ಗದ್ದಿಗೆ ನಿಮ್ ಗುರ್ತ ಆಯ್ತ್” ಎಂದು ಮುಂದೆ ನಡೆಯುತ್ತಿದ್ದರು.

ಕುಂದಾಪುರದ ಹೊಳೆ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಂಡು ನಡುನಡುವೆ ಕುದ್ರುಗಳನ್ನು ಬಿಟ್ಟಿದೆ. ಸುತ್ತ ನೀರು, ನಡುವೆ ನೆಲ. ಅಂಥದೊಂದು ಕುದ್ರಿನಲ್ಲಿ ಅವರ ಮನೆ. ಹತ್ತು ಹನ್ನೆರಡು ಮನೆಗಳು, ತೆಂಗಿನ ಮರಗಳು, ಒಂದು ಕಿರಿಯ ಪ್ರಾಥಮಿಕ ಶಾಲೆ, ತಗ್ಗಿನಲ್ಲಿ ಗದ್ದೆ. ಹೋಗಬೇಕಾದರೆ ದೋಣಿಯೇ ಗತಿ. ಗಂಡ ಸಣ್ಣ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಶಂಕರನಾರಾಯಣ ಎಂಬ ಊರಿನ ಕಡೆ ಕೊಟ್ಟಿದ್ದರು. ಮನೆಯಲ್ಲಿ ಗಂಡನ ತಮ್ಮ, ಅವರ ಹೆಂಡತಿ, ಮಕ್ಕಳು. ಆ ಮೈದುನನನ್ನು ನಾವೆಲ್ಲ ದೋಣಿಯಣ್ಣ ಎನ್ನುತ್ತಿದ್ದೆವು. ನಮ್ಮನ್ನು ಹೊಳೆ ದಾಟಿಸುತ್ತಿದ್ದವರು ಅವರೇ. ದೋಣಿ, ತೆಂಗು, ಪೇಟೆಯ ವ್ಯವಹಾರ ಅವರದು, ಗದ್ದೆ ಅತ್ತಿಗೆಯದು. ಆಸ್ತಿ ಪಾಲಾಗಿರಲಿಲ್ಲ, ಕೆಲಸ ಮಾತ್ರ ಹಾಗೆ ಪಾಲಾಗಿತ್ತು.

ಭತ್ತದ ಸಸಿ ನೆಡುವ ನೆಟ್ಟಿಗೆ ಆಳು ಸಿಗದ ಒಂದು ವರ್ಷ ಅವರು ಹೊಳೆ ದಾಟಿ ಹೈಸ್ಕೂಲಿಗೆ ಹೋಗಿ ಹೆಡ್‌ಮಾಷ್ಟ್ರ ಮುಂದೆ ನಿಂತರಂತೆ. “ನಿಮ್ ಮಕ್ಳನ್ನ್ ಎರಡ್ ದಿನ ಕಳ್ಸಿ ಕಾಂಬ. ನೆಡುದ್ ನಾನ್ ಕಲಿಸ್ತೆ. ಮಧ್ಯಾಹ್ನ ಗಂಜಿ ಹಾಕ್ತೆ.” ಹೆಡ್‌ಮಾಷ್ಟ್ರು ನಕ್ಕು ಒಪ್ಪಿದರು. ಮರು ವರ್ಷ ಮಕ್ಕಳೇ ಹಟ ಹಿಡಿದು ಬಂದರು. ಆಮೇಲೆ ಮಕ್ಕಳ ಜೊತೆ ಅವರ ಟೀಚರುಗಳು, ಬೈಂದೂರಿನಿಂದ ಒಬ್ಬರು ನರ್ಸಮ್ಮ, ಕೋಟದಿಂದ ನಿವೃತ್ತರಾದ ಪೋಸ್ಟ್‌ಮ್ಯಾನ್, ಕೋಟೇಶ್ವರದ ಬ್ಯಾಂಕಿನ ಗುಮಾಸ್ತರು ಎಲ್ಲ ಸೇರಿಕೊಂಡರು. ಮಳೆಗಾಲದ ಭಾನುವಾರ ಯಾರು ಬೇಕಾದರೂ ಬರಬಹುದು. ಕೂಲಿ ಇಲ್ಲ, ಫೀಸೂ ಇಲ್ಲ. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಸಿಕ್ಕಿದರೆ ಸುಟ್ಟ ಮೀನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸನ್ನು ಮಕ್ಕಳು ತಮಾಷೆಗೆ ‘ಗದ್ದೆ ಟೀಚರ್’ ಎಂದು ಕರೆದರು. ಕ್ರಮೇಣ ಅದೇ ಹೆಸರಾಯಿತು. ಅವರಿಗೂ ಒಳಗೊಳಗೇ ಖುಷಿ. “ಪರೀಕ್ಷಿ ಬರೀದೇ ಟೀಚರ್ ಆದವ್ಳ್ ನಾ ಒಬ್ಳೆ ಕಾಣಿ” ಎನ್ನುತ್ತಿದ್ದರು.

ಅವರ ಪಾಠದ ಮೊದಲ ನಿಯಮ ನಾಲಿಗೆಯದು. ಗದ್ದೆಗೆ ಇಳಿಯುವ ಮೊದಲು ಪ್ರತಿಯೊಬ್ಬರೂ ಬಗ್ಗಿ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಉಗುಳಬೇಕು. ಹೊಳೆಯ ಉಪ್ಪುನೀರು ಎಲ್ಲಾದರೂ ಒಸರಿ ಒಳಗೆ ಬಂದಿದೆಯೇ ಎಂದು ನೋಡುವ ಕ್ರಮ ಅದು. ಮೊದಲ ದಿನ ನಾನು ಮುಖ ಸಿಂಡರಿಸಿದೆ. “ಮಾಷ್ಟ್ರೆ, ಹೋಟ್ಲಗೆ ಸಾಂಬಾರ್ ರುಚಿ ಕಂಡೇ ಉಂತ್ರಿ ಅಲ್ದಾ? ಅನ್ನ ಹುಟ್ಟು ನೀರ್ ರುಚಿ ಕಾಣುಕ್ ಎಂತ ನಾಚ್ಕಿ?” ಎಂದರು. ಎರಡನೆಯ ನಿಯಮ ಕೊಯ್ಲಿನದು. ಹೊಳೆ ಬದಿಯ ಒಂದು ಸಾಲನ್ನು ಅವರು ಕೊಯ್ಯಲು ಬಿಡುತ್ತಿರಲಿಲ್ಲ. ಅದು ಹಕ್ಕಿ ಪಾಲು. ಬ್ಯಾಂಕಿನವರು ಒಮ್ಮೆ, ಹಕ್ಕಿಗಳು ದುಡಿಯದೆ ತಿನ್ನುತ್ತವಲ್ಲ ಟೀಚರ್ ಎಂದು ಚುಡಾಯಿಸಿದರು. “ವರ್ಷ ಇಡೀ ಹುಳ ಹೆಕ್ಕುವತ್ತಿಗೆ ಅವು ನಿಮ್ ಹತ್ರ ಕೂಲಿ ಕೇಳಿದ್ವಾ?” ಎಂದು ಅವರು ಕುಡುಗೋಲು ಮಸೆಯುತ್ತಲೇ ಉತ್ತರ ಕೊಟ್ಟರು.

ನಾನು ಬ್ರಹ್ಮಾವರದ ಪೇಟೆಯಲ್ಲಿ, ಅಪ್ಪನ ಬಟ್ಟೆ ಅಂಗಡಿಯ ನೆರಳಿನಲ್ಲಿ ಬೆಳೆದವನು. ೧೯೯೭ರಲ್ಲಿ ಕುಂದಾಪುರದ ಕಡೆಯ ಕಾಲೇಜೊಂದಕ್ಕೆ ಇತಿಹಾಸ ಹೇಳಲು ಸೇರಿದೆ. ಸೇವಾ ಶಿಬಿರದ ಹೊಣೆ ಯಾರಿಗೂ ಬೇಡವಾಗಿತ್ತು, ಆದ್ದರಿಂದ ಹೊಸಬನ ತಲೆಗೆ ಬಂತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನದೂ ಅದೇ ಕತೆ. ಒಂದು ವರ್ಷ ಭಾನುವಾರಗಳಂದು ಗದ್ದೆಗೆ ಹೋಗಿ ಬಂದದ್ದಕ್ಕೇ ಎಲ್ಲ ಗೊತ್ತಾಯಿತು ಎಂದುಕೊಂಡು, ಮರು ವರ್ಷ ಡಿಸೆಂಬರಿನಲ್ಲಿ ನಲವತ್ತು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕುದ್ರಿನಲ್ಲೇ ಏಳು ದಿನದ ಶಿಬಿರ ಹೂಡಿದೆ.

ಗದ್ದೆ ಟೀಚರ್ ನಮಗೆ ಕೊಟ್ಟದ್ದು ಒಂದೇ ಕೆಲಸ. ಹೊಳೆಗೂ ಗದ್ದೆಗೂ ನಡುವೆ ಒಂದು ಮಣ್ಣಿನ ದಂಡೆ ಇತ್ತು. ಅದರ ಒಳಬದಿಯ ಏಡಿ ಬಿಲಗಳನ್ನು ಮುಚ್ಚಿ ಮಣ್ಣು ಏರಿಸಬೇಕು. ಎರಡು ದಿನ ಅವರೇ ನಿಂತು ಮಾಡಿಸಿದರು. ಮೂರನೆಯ ದಿನ ಶಂಕರನಾರಾಯಣದಿಂದ ಸುದ್ದಿ ಬಂತು, ಮಗಳಿಗೆ ಹೆರಿಗೆ ನೋವು. ದೋಣಿಯಣ್ಣನೂ ಅವರ ಜೊತೆ ಹೊರಟರು. “ಮಣ್ಣ್ ಹಾಕ್ತಾ ಇರಿ. ನಾ ಬತ್ತೆ” ಎಂದು ಟೀಚರ್ ದೋಣಿ ಹತ್ತಿದರು. ಹೇಳಿದ್ದು ಅಷ್ಟೇ.

ದಂಡೆಯ ಹೊರಬದಿಗೆ, ಹೊಳೆಯ ಕೆಸರಿನಲ್ಲಿ, ಉದ್ದಕ್ಕೂ ಕಾಂಡ್ಲ ಬೆಳೆದಿತ್ತು. ಉಪ್ಪುನೀರಿನಲ್ಲೇ ಬೇರಿಳಿಸಿ ನೂರು ಕಾಲಿನ ಮೇಲೆ ನಿಂತಂತೆ ಬೆಳೆಯುವ ಗಿಡ ಅದು. ಆ ಬೇರುಗಳ ನಡುವೆ ಪೇಟೆಯಿಂದ ತೇಲಿ ಬಂದ ಪ್ಲಾಸ್ಟಿಕ್ಕು, ಹರಕು ಬಲೆ, ಬಾಟಲಿ, ಚಪ್ಪಲಿ. ನಾವು ಅದನ್ನು ಕೈಯಿಂದ ಹೆಕ್ಕಲು ಶುರುಮಾಡಿದೆವು. ಅರ್ಧ ದಿನಕ್ಕೆ ಒಂದು ಗೋಣಿ ತುಂಬಲಿಲ್ಲ. ಸಮಾರೋಪಕ್ಕೆ ಅತಿಥಿಗಳು ಬರುವವರಿದ್ದರು, ಪತ್ರಿಕೆಯವರೂ ಬರುವವರಿದ್ದರು. ಗಿಡವನ್ನೇ ಕಡಿದರೆ ಕಸ ಸಲೀಸಾಗಿ ಸಿಗುತ್ತದೆ, ದಂಡೆ ಚೊಕ್ಕಟವಾಗುತ್ತದೆ, ಹೊಳೆಯೂ ಕಾಣುತ್ತದೆ ಎಂಬ ಯೋಚನೆ ಹುಡುಗರದಲ್ಲ. ನನ್ನದು. ಕತ್ತಿಗಳನ್ನು ಮನೆಮನೆಯಿಂದ ಕೇಳಿ ತಂದವನೂ ನಾನೇ.

ಹೊಳೆಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ದೋಣಿ ನಿಧಾನ ಮಾಡಿ ಕೂಗಿದರು. “ಹ್ವಾಯ್, ಎಂತಕ್ ಕಡೂದ್ ಮಾರಾಯ್ರೆ ಅದನ್ನ್?”

“ಸ್ವಚ್ಛತಾ ಕಾರ್ಯಕ್ರಮ ಅಜ್ಜಯ್ಯ!” ಎಂದು ನಾನು ಅಷ್ಟೇ ದೊಡ್ಡದಾಗಿ ಕೂಗಿ ಹೇಳಿದೆ. ಓದಿದವರ ಹತ್ತಿರ ವಾದ ಯಾಕೆ ಎಂದು ಅವರಿಗೆ ಅನ್ನಿಸಿರಬೇಕು, ಹುಟ್ಟು ಹಾಕಿಕೊಂಡು ಹೋದರು.

ಎರಡು ದಿನದಲ್ಲಿ ದಂಡೆ ಬೋಳಾಯಿತು. ಪ್ರಕೃತಿಯ ಸೇವೆ ಎಂದು ದಪ್ಪಕ್ಷರದಲ್ಲಿ ಬರೆಸಿದ್ದ ಬ್ಯಾನರನ್ನು ಅದರ ಮೇಲೆಯೇ ಕಟ್ಟಿದೆವು. ಸಮಾರೋಪದ ದಿನ ಮಧ್ಯಾಹ್ನ ಗದ್ದೆ ಟೀಚರ್ ಮೊಮ್ಮಗಳು ಹುಟ್ಟಿದ ಸಂತೋಷದಲ್ಲಿ ಬಂದಿಳಿದರು. ಅವರನ್ನು ನೇರ ವೇದಿಕೆಗೆ ಕರೆಸಿ ಶಾಲು ಹೊದಿಸಿದೆವು. ಶಾಲು ಹೊದಿಸುವಾಗ ಅವರ ಕಣ್ಣು ಅತಿಥಿಗಳ ಹೆಗಲ ಮೇಲಿಂದ ದಂಡೆಯನ್ನೇ ನೋಡುತ್ತಿತ್ತು. ನಾನು ಅದನ್ನು ಹೆಮ್ಮೆ ಎಂದುಕೊಂಡೆ.

ಜನ ಕರಗಿದ ಮೇಲೆ ದಂಡೆಯ ಮೇಲೆ ನನ್ನನ್ನು ಕರೆದರು. “ಮಾಷ್ಟ್ರೆ, ಇದ್ ಕಡ್ದದ್ ಯಾರ್?”

“ನಾವೇ ಟೀಚರ್. ಹ್ಯಾಂಗ್ ಕಾಣ್ತ್?”

“ಚೆಂದ ಕಾಣ್ತ್,” ಎಂದರು. ಮತ್ತೆ ಹೇಳಿದರು, “ಈಗ ಹೊಳಿಗೂ ನಮ್ ಗದ್ದಿ ಕಾಣ್ತ್.”

ನನಗೆ ಆಗಲೂ ತಿಳಿಯಲಿಲ್ಲ. ಅವರು ಕಡಿದ ಗಿಡದ ಒಂದು ಕುತ್ತಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಮಗುವಿಗೆ ಹೇಳುವಂತೆ ಹೇಳಿದರು. “ತೆರಿ ಬಂದ್ ಮೊದ್ಲ್ ಹೊಡೂದ್ ಕಾಂಡ್ಲಕ್ಕೆ. ಅದ್ ಪೆಟ್ಟ್ ತಿಂದ್ಕಂತ್. ದಂಡಿಗೆ ಬಪ್ಪತ್ತಿಗೆ ನೀರಿಗೆ ಸಿಟ್ಟ್ ಇಪ್ಪುದಿಲ್ಲೆ.” ಆಮೇಲೆ, “ನಾನ್ ಹೇಳಿ ಹೋಯ್ಕಿತ್ತ್. ಗೊತ್ತಿಪ್ಪುದೇ ಅಲ್ದಾ ಅಂತ ಬಿಟ್ಟೆ. ಕಲಿಸ್ದೆ ಬಿಟ್ಟದ್ ಕಲಿಸೋರ್ ತಪ್ಪ್” ಎಂದರು. ನಾನು ಎದ್ದು ಹೋಗಿ ಬ್ಯಾನರು ಬಿಚ್ಚಿದೆ.

ಬೇಸಗೆಯಿಡೀ ನಾವು ಬಿದಿರು ಗೂಟ ನೆಟ್ಟೆವು, ಕಲ್ಲು ಹೊತ್ತೆವು, ಮರಳು ಚೀಲ ಜೋಡಿಸಿದೆವು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಜೂನ್ ಕೊನೆಯ ಹುಣ್ಣಿಮೆಯ ಭರತಕ್ಕೆ, ಸಮುದ್ರ ಉಕ್ಕಿ ಹೊಳೆ ಏರುವ ಹೊತ್ತಿಗೆ, ಗಾಳಿಯೂ ಸೇರಿಕೊಂಡಿತು. ಬೆಳಗ್ಗೆ ಒಂಬತ್ತರ ಹೊತ್ತಿಗೆ, ನಾವು ಬೋಳು ಮಾಡಿದ ಜಾಗದಲ್ಲೇ ದಂಡೆ ಒಡೆಯಿತು. ನಾನು ಕ್ಲಾಸು ಬಿಟ್ಟು ಓಡಿ ಹೋಗುವಷ್ಟರಲ್ಲಿ ನೆಟ್ಟಿಗೆ ತಯಾರಾಗಿದ್ದ ಅಗೆಯ, ಎಳೆ ಸಸಿಗಳ, ತುದಿಗಳು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು. ಗದ್ದೆ ಟೀಚರ್ ಮೊಣಕಾಲ ಮಟ್ಟದ ನೀರಿನಲ್ಲಿ ನಿಂತಿದ್ದರು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಆ ದಿನ ಉಗುಳಲಿಲ್ಲ, ನುಂಗಿದರು.

ಆ ಹೊತ್ತಿಗೆ ಸುತ್ತಲ ಕುದ್ರುಗಳಲ್ಲಿ ಗದ್ದೆಗಳು ಒಂದೊಂದಾಗಿ ಸಿಗಡಿ ಕೆರೆಗಳಾಗುತ್ತಿದ್ದವು. ಈ ಗದ್ದೆಯನ್ನೂ ಗೇಣಿಗೆ ಕೇಳಿಕೊಂಡು ಒಬ್ಬರು ಎರಡು ಸಲ ಬಂದು ಹೋಗಿದ್ದರು. ಕೊಟ್ಟರೆ ಅವರು ಕೆರೆ ತೋಡುತ್ತಾರೆ. ತೋಡಿದ ನೆಲ ಮತ್ತೆ ಗದ್ದೆಯಾಗುವುದಿಲ್ಲ. ಗದ್ದೆ ಇಲ್ಲವೆಂದರೆ ಆ ಭಾನುವಾರಗಳೂ ಇಲ್ಲ. ಉಪ್ಪು ಹೊಕ್ಕ ಗದ್ದೆಯನ್ನು ಇಟ್ಟುಕೊಂಡು ಮಾಡುವುದೇನು ಎಂದು ದೋಣಿಯಣ್ಣ ಕೇಳಿದ್ದರಲ್ಲಿ ನ್ಯಾಯವಿತ್ತು.

ದಂಡೆ ಒಡೆದ ಮೂರನೆಯ ದಿನ ನಾನು ಅವರ ಮನೆಗೆ ಹೋದೆ. ಕಡಿಸಿದ್ದು ನಾನು ಎಂದು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ದೋಣಿಯಣ್ಣ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದರು.

“ಕೂಕಣಿ ಮಾಷ್ಟ್ರೆ. ನೀವ್ ಎಂತಕ್ ಮುಖ ಸಣ್ಣ ಮಾಡುದ್? ನಿಮ್ದೆಂತ ತಪ್ಪಿತ್ತ್ ಇದ್ರಗೆ? ಶಂಕರನಾರಾಯಣಕ್ ಹೋಪತ್ತಿಗೆ ಅತ್ಗಿಯೇ ಕಡೂಕ್ ಹೇಳಿ ಹೋಯ್ದ್ರಂಬ್ರಲೆ. ಹೇಳಿದ್ದನ್ನ್ ನೀವ್ ಮಾಡಿದ್ರಿ, ಅಷ್ಟೆ.”

ನಾನು ಬಾಗಿಲ ಕಡೆ ತಿರುಗಿದೆ. ಗದ್ದೆ ಟೀಚರ್ ನೀರಿನ ಲೋಟ, ಬೆಲ್ಲದ ತುಂಡು ಹಿಡಿದು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ಸಣ್ಣಗೆ, ಬೇಡ ಎಂಬಂತೆ, ತಲೆ ಅಲ್ಲಾಡಿಸಿದರು. “ನೀರ್ ಕುಡೀನಿ ಮಾಷ್ಟ್ರೆ” ಎಂದರು. ನಾನು ಕುಡಿದೆ.

ಆಮೇಲೆ ದಂಡೆಯ ಮೇಲೆ ಟೀಚರನ್ನು ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು. “ನೀವ್ ಕಡ್ದದ್ ಅಂದ್ರೆ ನಾಳಿಂದ ಅವ್ರ್ ಒಬ್ರನ್ನೂ ದೋಣಿ ಹತ್ಸುದಿಲ್ಲೆ. ಮಕ್ಳ್ ಬಪ್ಪುದೇ ನಿಲ್ತ್. ನಾನ್ ಕಡ್ಸಿದ್ದ್ ಅಂದ್ರೆ ನಾಲ್ಕ್ ಬೈಗುಳ. ಬೈಗುಳ ಎಂತ ಮೈಗ್ ಅಂಟ್ತಾ?” ಎಂದು ನಕ್ಕರು. ನನಗೆ ತಿಳಿದ ಮಟ್ಟಿಗೆ ಅವರು ಸುಳ್ಳು ಹೇಳಿದ್ದು ಅದೊಂದೇ ಸಲ.

ನಾನು ಸುಮ್ಮನಿದ್ದೆ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಕಾಂಡ್ಲ ಕಡಿದದ್ದಕ್ಕೆ ಕೇಸಾಗಬಹುದೆಂದು ಯಾರೋ ಕಿವಿಯಲ್ಲಿ ಊದಿದ್ದರು. ಅವರೇ ಬೇಡ ಎಂದರಲ್ಲ ಎಂಬ ಅನುಕೂಲವೂ ಒದಗಿತ್ತು. ಮೊದಲು ಹೆದರಿಕೆಯಿಂದ ಸುಮ್ಮನಿದ್ದೆ, ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು.

ಗದ್ದೆ ಟೀಚರ್ ಮನೆಯಲ್ಲಿ ಮೂರು ವರ್ಷದ ಗಡುವು ಕೇಳಿಕೊಂಡರು. ಮೂರನೆಯ ವರ್ಷವೂ ಬೆಳೆ ಬಾರದಿದ್ದರೆ ಗದ್ದೆ ಸಿಗಡಿ ಕೆರೆಗೆ ಹೋಗಲಿ. ದೋಣಿಯಣ್ಣ ಒಪ್ಪಿದರು.

ಆ ಮೂರು ವರ್ಷಗಳಲ್ಲಿ ನಾನು ಕಲಿತಷ್ಟನ್ನು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ಒಡೆದ ದಂಡೆ ಕಟ್ಟಿದ ಮೇಲೆ ಗದ್ದೆಯಲ್ಲಿ ಮಳೆನೀರು ನಿಲ್ಲಿಸಬೇಕು. ನಾಲ್ಕು ದಿನ ನೆಲಕ್ಕೆ ಕುಡಿಸಿ, ಹೊಳೆ ಇಳಿದ ಹೊತ್ತು ನೋಡಿ ತೂಬಿನ ಹಲಗೆ ಎತ್ತಿ ಬಿಡಬೇಕು. ಮತ್ತೆ ನಿಲ್ಲಿಸಬೇಕು, ಮತ್ತೆ ಬಿಡಬೇಕು. ಪ್ರತಿ ಸಲವೂ ನಾಲಿಗೆಗೆ ಮುಟ್ಟಿಸಿ ನೋಡಬೇಕು. ಮಳೆಗಾಲದಲ್ಲಿ ಬೇರೆ ಕುದ್ರುಗಳ ಕಾಂಡ್ಲದಿಂದ ಕೆಳಗೆ ಬೀಳುವ ಉದ್ದನೆಯ ಬೀಜದ ಕೋಡುಗಳನ್ನು ದೋಣಿಯಲ್ಲಿ ಹೆಕ್ಕಿ ತಂದು, ನೀರು ಇಳಿದಾಗ ಕೆಸರಿನಲ್ಲಿ ಊರಬೇಕು. ಮೊದಲ ವರ್ಷ ಬ್ಯಾಂಕಿನವರು ಅರವತ್ತು ಕೋಡುಗಳನ್ನು ತಲೆಕೆಳಗಾಗಿ ನೆಟ್ಟರು. “ಹ್ವಾಯ್, ನೀವ್ ಹುಟ್ಟುವತ್ತಿಗೂ ಹೀಂಗೇ ಬಂದದ್ದಾ?” ಎಂದು ಗದ್ದೆ ಟೀಚರ್ ಕೇಳಿ, ಎಲ್ಲವನ್ನೂ ಕಿತ್ತು ಅವರ ಕೈಯಲ್ಲೇ ಮತ್ತೆ ನೆಡಿಸಿದರು. ನರ್ಸಮ್ಮ ಬೈಂದೂರಿನಿಂದ ಮೊದಲ ಬಸ್ಸಿಗೇ ಬರುತ್ತಿದ್ದರು. ಅಮಾವಾಸ್ಯೆ ಹುಣ್ಣಿಮೆಗಳಂದು ಭರತದ ಹೊತ್ತಿಗೆ ನಮ್ಮಲ್ಲಿ ಯಾರಾದರೂ ಇಬ್ಬರು ದಂಡೆಯ ಮೇಲೆ ಇರಲೇಬೇಕೆಂದು ಸರದಿ ಹಾಕಿಕೊಂಡೆವು.

ಮೊದಲ ವರ್ಷ ಬಿತ್ತಿದ್ದು ಮೊಳೆಯಲಿಲ್ಲ. ಎರಡನೆಯ ವರ್ಷ ಪೈರು ಬಂತು, ತೆನೆಯೂ ಬಂತು, ಹಿಚುಕಿ ನೋಡಿದರೆ ಜೊಳ್ಳು. ಮೂರನೆಯ ವರ್ಷ ನವರಾತ್ರಿಯ ಸುಮಾರಿಗೆ ಸಿಗಡಿಯವರನ್ನು ಕರೆದುಕೊಂಡು ದೋಣಿಯಣ್ಣ ದಂಡೆಗೆ ಬಂದರು. ನಾವು ನಾಲ್ಕೈದು ಜನ ಅಂಚಿನ ಹುಲ್ಲು ಕೀಳುತ್ತಿದ್ದೆವು. ಗದ್ದೆ ಟೀಚರ್ ತಲೆ ಎತ್ತಲಿಲ್ಲ. ದೋಣಿಯಣ್ಣ ಗದ್ದೆಗೆ ಇಳಿದು ಒಂದು ತೆನೆ ಮುರಿದರು. ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಉಳಿದ ಕಾಳನ್ನು ಬಾಯಿಗೆ ಹಾಕಿ ಜಗಿದರು. ಬಹಳ ಹೊತ್ತು ಜಗಿದರು. ಆಮೇಲೆ ಸಿಗಡಿಯವರ ಕಡೆ ತಿರುಗಿ, “ಹೋಪ, ನಿಮ್ನ್ ಆಚಿ ಬಿಡ್ತೆ” ಎಂದರು. ಗೇಣಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಗದ್ದೆ ಟೀಚರ್ ಕೀಳುತ್ತಿದ್ದ ಹುಲ್ಲಿನ ಮೇಲೆಯೇ ಕೂತು ಅತ್ತರು. ನರ್ಸಮ್ಮ ಅವರ ಬೆನ್ನು ಸವರಿದರು. ನಾವೆಲ್ಲ ಬೇರೆ ಎಲ್ಲೋ ನೋಡಿದೆವು.

ಆ ಮೇಲಿನ ಹತ್ತು ವರ್ಷ ಒಳ್ಳೆಯವು. ಕಾಂಡ್ಲ ಆಳೆತ್ತರ ಬೆಳೆಯಿತು. ಬೇರಿನ ಬುಡಕ್ಕೆ ಮರಿಮೀನು, ಏಡಿ, ಮೇಲೆ ಬೆಳ್ಳಕ್ಕಿ. ಭಾನುವಾರಕ್ಕೆ ಬರುವವರು ಹೆಚ್ಚಿ ಎರಡೆರಡು ದೋಣಿ ಬೇಕಾಯಿತು. ಪತ್ರಿಕೆಯೊಂದರಲ್ಲಿ ನನ್ನ ಫೋಟೋ ಹಾಕಿ ‘ಕಾಂಡ್ಲ ಬೆಳೆಸಿದ ಮೇಷ್ಟ್ರು’ ಎಂದು ಬರೆದರು. ಕುಂದಾಪುರದಲ್ಲೊಂದು ಸನ್ಮಾನವೂ ಆಯಿತು. ಗದ್ದೆ ಟೀಚರ್ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದರು. ಆ ಹಾರ ಕೊರಳಲ್ಲಿ ಹಗ್ಗದ ಹಾಗಿತ್ತು ಎಂದು ಈಗ ಬರೆಯಬಹುದು. ಆ ದಿನ ನಾನು ಅದನ್ನು ತೆಗೆಯಲಿಲ್ಲ.

ಒಂದು ವಿಷಯ ಮಾತ್ರ ನನಗೆ ತಮಾಷೆಯಾಗಿ ಕಾಣುತ್ತಿತ್ತು. ಗದ್ದೆ ಟೀಚರ್ ತಮ್ಮ ಮೈದುನನಿಗೆ ಏನು ಹೇಳುವುದಿದ್ದರೂ ನಮ್ಮ ಮೂಲಕ ಹೇಳಿಸುತ್ತಿದ್ದರು. “ಮಾಷ್ಟ್ರೆ, ಅವ್ರಿಗೆ ಊಟಕ್ ಬಪ್ಪುಕ್ ಹೇಳಿ.” “ನಾಳಿಗ್ ದೋಣಿ ಬೇಕಂಬ್ರ್ ಅಂತ ಒಂಚೂರ್ ಹೇಳಿ.” ಅವರು ಹತ್ತೇ ಹೆಜ್ಜೆ ದೂರ ನಿಂತಿರುತ್ತಿದ್ದರು. ಹಳೆಯ ಕಾಲದ ಮನೆ, ಅಣ್ಣನ ಹೆಂಡತಿಯ ಎದುರು ಮೈದುನ ಮಾತಾಡದಿರುವುದು ಮರ್ಯಾದೆ ಇರಬೇಕು ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ. ಒಮ್ಮೆ, ನೀವೇ ಕೂಗಬಾರದಾ ಟೀಚರ್ ಎಂದು ಚುಡಾಯಿಸಿದೆ. “ನನ್ ಸ್ವರ ಅಷ್ಟ್ ದೂರ ಹೋತಿಲ್ಲೆ ಮಾಷ್ಟ್ರೆ” ಎಂದರು. ನಾನು ನಕ್ಕೆ, ಓಡಿ ಹೋಗಿ ಹೇಳಿ ಬಂದೆ. ಎಷ್ಟು ವರ್ಷ ಹಾಗೆ ಓಡಾಡಿದೆನೋ.

ಕೊನೆಯ ಎರಡು ವರ್ಷ ಅವರಿಗೆ ಕಾಲು ಊದಿಕೊಳ್ಳುತ್ತಿತ್ತು, ಏದುಸಿರು ಬರುತ್ತಿತ್ತು. ಡಾಕ್ಟರು ಉಪ್ಪು ಬಿಡಿಸಿದರು. “ಗದ್ದಿ ಉಪ್ಪ್ ತೆಗೂಕ್ ನಂಗೆ ಮೂರ್ ವರ್ಷ ಬೇಕಾಯ್ತ್. ಡಾಕ್ಟ್ರ್ ನನ್ ಗಂಜಿ ಉಪ್ಪ್ ಒಂದೇ ದಿನಕ್ಕೆ ತೆಗ್ದ್ರ್ ಕಾಣಿ” ಎಂದು ನಗಿಸಿದರು. ಆಮೇಲೆ ಗದ್ದೆಗೆ ಇಳಿಯಲಾಗಲಿಲ್ಲ. ಅಂಚಿನ ಮೇಲೆ ಒಂದು ಮಣೆ ಹಾಕಿ ಕೂತು ಹೊಸಬರಿಗೆ ನೆಡುವುದನ್ನು ಹೇಳಿಕೊಡುತ್ತಿದ್ದರು. ೨೦೧೩ರ ಶ್ರಾವಣದಲ್ಲಿ, ನೆಟ್ಟಿ ಮುಗಿದ ವಾರ, ಮಧ್ಯಾಹ್ನದ ಗಂಜಿ ಉಂಡು ಮಲಗಿದವರು ಏಳಲಿಲ್ಲ.

ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ನಾವೆಲ್ಲ ಹೋದೆವು. ಊಟವಾಗಿ ಜನ ಚದುರಿದ ಮೇಲೆ ದೋಣಿಯಣ್ಣ ಜಗಲಿಯ ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ತಡೆಯಲು ಬಾಗಿಲಲ್ಲಿ ಈಗ ಯಾರೂ ಇರಲಿಲ್ಲ. ಹತ್ತಿರ ಹೋಗಿ ಕೂತೆ.

“ಆ ವರ್ಷ ಕಾಂಡ್ಲ ಕಡ್ಸಿದ್ ನಾನ್, ಅಣ್ಣ. ಟೀಚರ್ ಹೇಳಿರ್ಲಿಲ್ಲೆ. ಅವ್ರಿಗೆ ಗೊತ್ತೇ ಇರ್ಲಿಲ್ಲೆ. ನಮ್ನ್ ಉಳ್ಸುಕ್ ಅವ್ರ್ ಹಾಂಗ್ ಹೇಳಿದ್.”

ಅವರು ನನ್ನ ಕಡೆ ತಿರುಗಲಿಲ್ಲ. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ಕಾದೆ.

“ಗದ್ದಿ ಮುಳ್ಗಿದ್ ದಿನದಿಂದ ನಾನ್ ಅತ್ಗಿ ಹತ್ರ ಮಾತ್ ಬಿಟ್ಟೆ, ಮಾಷ್ಟ್ರೆ. ಹದಿನಾಲ್ಕ್ ಮಳಿಗಾಲ. ಒಂದೇ ಒಲಿ, ಒಂದೇ ಜಗ್ಲಿ. ಆಸ್ಪತ್ರಿಗೆ ನಾನೇ ಕರ್ಕಂಡ್ ಹೋದೆ. ಅಲ್ಲೂ ಮಾತಾಡ್ಲಿಲ್ಲೆ.”

ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

“ಬೆಳಿ ಬಂದ್ ವರ್ಷ ಮಾತಾಡ್ವ ಅಂತ ಕಂಡಿತ್ತ್. ತಪ್ಪಾಯ್ತ್ ಅಂತ ಅವ್ರ್ ಒಂದ್ ಸಲ ಬಾಯ್ಬಿಡ್ಲಿ ಅಂತ ಕಾದೆ. ಹೇಳ್ಲೇ ಇಲ್ಲೆ. ಎಂತಾ ಹಟ ಈ ಹೆಂಗ್ಸಿಗೆ ಅಂದ್ಕಂಡೆ.” ಟವೆಲನ್ನು ಮಡಿಸಿ ಪಕ್ಕಕ್ಕಿಟ್ಟರು. “ಮಾಡದ್ ತಪ್ಪನ್ನ್ ಹ್ಯಾಂಗ್ ಒಪ್ಕಂಬುದ್ ಅವ್ರ್?”

ಬೈಗುಳ ಮೈಗೆ ಅಂಟುವುದಿಲ್ಲ ಎಂದಿದ್ದರು ಟೀಚರ್. ಬೈಗುಳವೇ ಬಂದಿರಲಿಲ್ಲ. ಬಂದದ್ದು ಆ ಮೌನ. ನಾನು ಒಂದು ಮಾತು ಆಡಿದ್ದರೆ ಮುಗಿಯುತ್ತಿದ್ದ ಮೌನ. ಅದರ ನಡುವೆ ಊಟಕ್ಕೆ ಬರಬೇಕಂತೆ, ದೋಣಿ ಬೇಕಂತೆ ಎಂದು ನಗುತ್ತಾ ಓಡಾಡಿದವನು ನಾನು. ಗದ್ದೆಯ ಉಪ್ಪು ಮೂರು ವರ್ಷಕ್ಕೆ ಹೋಯಿತು, ಆ ಮನೆಯೊಳಗೆ ನಾನು ಬಿಟ್ಟ ಉಪ್ಪು ಅವರು ಸಾಯುವವರೆಗೂ ಹೋಗಲಿಲ್ಲ. ಇಂಥದ್ದಕ್ಕೆ ಕ್ಷಮೆ ಕೇಳುವ ಮಾತು ನನಗೆ ಗೊತ್ತಿಲ್ಲ. ಆ ದಿನ ಕೇಳಲೂ ಇಲ್ಲ. ದೋಣಿಯಣ್ಣ ಎದ್ದು ನನ್ನನ್ನು ಆಚೆ ದಡಕ್ಕೆ ಬಿಟ್ಟರು.

ಭಾನುವಾರಗಳು ನಿಲ್ಲಲಿಲ್ಲ. ಶಂಕರನಾರಾಯಣದಿಂದ ಮಗಳು ಬಂದು ಅಗೆ ಹಾಕಿಸುತ್ತಾಳೆ, ನರ್ಸಮ್ಮ ಗಂಜಿಯ ಉಸ್ತುವಾರಿ ನೋಡುತ್ತಾರೆ. ಮಳೆಗಾಲದ ಮೊದಲ ಭಾನುವಾರ ಹೊಸಬರು ಬಂದಾಗ ಅವರನ್ನು ಗದ್ದೆಗೆ ಇಳಿಸುವ ಮೊದಲು ನಾನು ದಂಡೆಯ ಮೇಲೆ ನಿಲ್ಲಿಸುತ್ತೇನೆ. ಇಲ್ಲಿ ಕಾಂಡ್ಲ ಇತ್ತು, ಅದನ್ನು ನಾನು ಕಡಿಸಿದೆ, ದಂಡೆ ಒಡೆಯಿತು ಎಂದು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಸನ್ಮಾನ ಮಾಡಿಸಿಕೊಂಡದ್ದನ್ನೂ ಹೇಳುತ್ತೇನೆ. ಅವರು ಕಲಿಸಿದ್ದರಲ್ಲಿ ಇಷ್ಟನ್ನಾದರೂ ಮಾಡಬೇಕು. ದೋಣಿಯಣ್ಣ ನಮ್ಮನ್ನು ಇಳಿಸಿದ ಮೇಲೂ ಹೋಗುವುದಿಲ್ಲ. ದಡಕ್ಕೆ ದೋಣಿ ತಾಗಿಸಿಕೊಂಡು, ಹುಟ್ಟು ಮಡಿಲಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ ಕೇಳುತ್ತಾ ಕೂತಿರುತ್ತಾರೆ.

ಹೋದ ವರ್ಷ ಮಳೆ ಜೋರಾಗಿತ್ತು. ಹೊಸಬರು ಚಳಿಗೆ ನಡುಗುತ್ತಿದ್ದರು. ನಾನು ಅರ್ಧಂಬರ್ಧ ಹೇಳಿ, ಇನ್ನು ಗದ್ದೆಗೆ ಇಳಿಯೋಣ ಎಂದು ತಿರುಗಿದೆ. ಹಿಂದಿನಿಂದ ದೋಣಿಯಲ್ಲಿ ಕೂತವರ ಸ್ವರ ಬಂತು.

“ಹ್ವಾಯ್ ಮಾಷ್ಟ್ರೆ, ಅತ್ಗಿ ಕಡ್ಸಿದ್ದಲ್ಲ ಅಂಬ್ದನ್ನ್ ಹೇಳ್ಲಿಲ್ಲೆ ನೀವ್.”

ನಾನು ಎಲ್ಲರನ್ನೂ ಮತ್ತೆ ನಿಲ್ಲಿಸಿ, ಮೊದಲಿಂದ ಹೇಳಿದೆ.